ಮೊಣಕಾಲಿನ ಮೇಲೆ ಬಿದ್ದ ಹನಿ: 1966ರ ಬೀಟಲ್‌ನ ಮುಂದಿನ ಗಾಜು ಬಿಚ್ಚಿ ಕೂರಿಸಿದ ಪ್ರಕರಣ

ಜುಲೈಯಲ್ಲಿ ಮಡಿಕೇರಿಗೆ ಹೋಗಿಬಂದ ಮಾರನೇ ದಿನ ಚಿಕ್ಕಪ್ಪ ಫೋನ್ ಮಾಡಿದರು. "ಲೋ, ಹೊರಗಿಗಿಂತ ಕಾರೊಳಗೇ ಮಳೆ ಜಾಸ್ತಿ ಕಣೋ. ಬಲಗಾಲಿನ ಮೊಣಕಾಲು ಪೂರ್ತಿ ಒದ್ದೆ. ನಿಮ್ಮ ಚಿಕ್ಕಮ್ಮ ಇನ್ಮೇಲೆ ಈ ಡಬ್ಬ ಹತ್ತಲ್ಲ ಅಂತ ಕೂತಿದಾಳೆ."

ಡಬ್ಬ ಅಂದರೆ 1966ರ ಫೋಕ್ಸ್‌ವ್ಯಾಗನ್ ಬೀಟಲ್ 1300. 1285 ಸಿಸಿ ಎಂಜಿನ್ ಹಿಂದೆ, ಡಿಕ್ಕಿ ಮುಂದೆ, 6 ವೋಲ್ಟ್ ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿ. ಮೈಸೂರಿನಲ್ಲಿ ಚಿಕ್ಕಪ್ಪನ ಮನೆಯ ಶೆಡ್ಡಿನಲ್ಲಿ ವಾರವೆಲ್ಲ ನಿದ್ದೆ ಮಾಡಿ ಭಾನುವಾರ ಮಾತ್ರ ಹೊರಗೆ ಬರುವ ಕಾರು. ಐದು ವರ್ಷದ ಹಿಂದೆ ಪೂರ್ತಿ ಪೇಂಟ್ ಮಾಡಿಸಿದ್ದರು. ಆಗ ಗಾಜು ಬಿಚ್ಚಿ, ಹೊಸ ಬೀಡಿಂಗ್, ಅಂದರೆ ಗಾಜಿನ ಸುತ್ತಲಿನ ರಬ್ಬರ್, ಹಾಕಿ, ಸುತ್ತಲಿನ ಕ್ರೋಮ್ ಪಟ್ಟಿಯನ್ನೂ ಕೂರಿಸಿ ಕೊಟ್ಟಿದ್ದರು. ಯಾವ ಗ್ಯಾರೇಜು ಅನ್ನುವುದು ಇಲ್ಲಿ ಮುಖ್ಯವಲ್ಲ. ಅಲ್ಲಿ ಏನು ಮಾಡಿದರು, ಯಾವುದಾದ ಮೇಲೆ ಯಾವುದನ್ನು ಮಾಡಿದರು ಅನ್ನುವುದೇ ಈ ಪ್ರಕರಣ.

ಹನಿ ಬೀಳುವ ಜಾಗ, ನೀರು ನುಗ್ಗುವ ಜಾಗ

ಶನಿವಾರ ಬೆಳಿಗ್ಗೆ ಹೋದೆ. ಬಾಗಿಲು ತೆಗೆದ ಕೂಡಲೇ ಒಣಗದ ಕಾರ್ಪೆಟ್ಟಿನ ಮುಗ್ಗಲು ವಾಸನೆ. ಗಾಜಿನ ಬಲ ಕೆಳಮೂಲೆಯಲ್ಲಿ, ಬೀಡಿಂಗಿನ ಅಂಚಿಗೆ ತಾಗಿದಂತೆ, ಪೇಂಟು ಹಪ್ಪಳದ ಹಾಗೆ ಉಬ್ಬಿತ್ತು. ಬೆರಳಿನಲ್ಲಿ ಒತ್ತಿದೆ. ಮೆತ್ತಗಿತ್ತು. ಮೆತ್ತಗಿದೆ ಅಂದರೆ ಕೆಳಗೆ ತಗಡು ಉಳಿದಿಲ್ಲ ಅಂತ ಅರ್ಥ.

ಚಿಕ್ಕಪ್ಪ ಆಗಲೇ ಪೈಪ್ ಹಿಡಿದು ರೂಫ್ ಮೇಲಿಂದ ತೋಟಕ್ಕೆ ನೀರು ಹಾಯಿಸಿದ ಹಾಗೆ ಬಿಡುತ್ತಿದ್ದರು. ಹಾಗೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಮೇಲಿಂದ ಬಿಟ್ಟ ನೀರು ಎಲ್ಲ ಕಡೆಯೂ ಹರಿಯುತ್ತದೆ, ಎಲ್ಲ ತೂತಿಗೂ ಒಟ್ಟಿಗೇ ಇಳಿಯುತ್ತದೆ. ಕೆಳಗಿನಿಂದ ಶುರು ಮಾಡಬೇಕು. ಪೈಪಿನ ಒತ್ತಡ ಕಮ್ಮಿ ಮಾಡಿ, ಮೊದಲು ಕೆಳಗಿನ ಅಂಚಿಗೆ ಎರಡು ಮೂರು ನಿಮಿಷ, ಆಮೇಲೆ ಒಂದೊಂದು ಪಕ್ಕ, ಕೊನೆಗೆ ಮೇಲೆ. ಒಳಗೆ ಒಬ್ಬ ಟಾರ್ಚ್ ಹಿಡಿದು ಕೂತಿರಬೇಕು.

ನಾನು ಹಳೇ ಪೇಪರನ್ನು ಬೆರಳಗಲದ ಚೂರುಗಳಾಗಿ ಹರಿದು, ಒಳಗಡೆ ಗಾಜಿನ ಕೆಳ ಅಂಚಿನುದ್ದಕ್ಕೂ ಮಾಸ್ಕಿಂಗ್ ಟೇಪಿನಲ್ಲಿ ಅಂಟಿಸಿದೆ. ಎಡದಿಂದ ಬಲಕ್ಕೆ 1ರಿಂದ 12ರವರೆಗೆ ನಂಬರು ಬರೆದೆ. ಪೇಪರ್ ಒದ್ದೆಯಾದರೆ ಬಣ್ಣ ಕಪ್ಪಾಗುತ್ತದೆ, ಕಣ್ಣು ತಪ್ಪಿಸುವುದಿಲ್ಲ. ಎರಡೇ ನಿಮಿಷದಲ್ಲಿ 12 ಕಪ್ಪಾಯಿತು, ಹಿಂದೆಯೇ 11. ಹೊರಗಿನಿಂದ ಒಂದು ವಿಸಿಟಿಂಗ್ ಕಾರ್ಡನ್ನು ಬೀಡಿಂಗಿನ ತುಟಿಯ ಕೆಳಗೆ ತೂರಿಸಿ ನೋಡಿದೆ. ಬೇರೆ ಕಡೆ ಅದು ಒಳಗೇ ಹೋಗಲಿಲ್ಲ. ಬಲ ಕೆಳಮೂಲೆಯಲ್ಲಿ ಅರ್ಧ ಕಾರ್ಡ್ ನುಂಗಿತು.

ಸರಿ, ಸಿಕ್ಕಿತು ಅಂದುಕೊಂಡೆ. ಅಲ್ಲೇ ನಿಲ್ಲಿಸಿದೆ. ಅದು ನನ್ನ ತಪ್ಪು, ಅದರ ಬಿಲ್ಲು ಆಮೇಲೆ ಬಂತು.

ಬೀಡಿಂಗ್ ಮೇಲಿನ ಗಾಯ

ಗಾಜು ಬಿಚ್ಚುವ ಕೆಲಸಕ್ಕೆ ನಾನೊಬ್ಬನೇ ಸಾಲದು. ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಿಂದ ಗಾಜಿನ ಕೆಲಸ ಮಾಡಿಕೊಂಡು ಬಂದಿರುವ ಫಿಟ್ಟರ್ ಒಬ್ಬರನ್ನು ಕರೆಸಿದೆವು. ನಾವೆಲ್ಲ ಅವರನ್ನು ಭಾಯ್ ಅನ್ನುತ್ತೇವೆ. ಬಂದವರು ಮೂಲೆಯ ತುಕ್ಕಿನ ಕಡೆ ನೋಡಲೇ ಇಲ್ಲ. ಕ್ರೋಮ್ ಪಟ್ಟಿಯ ಪಕ್ಕದ ರಬ್ಬರಿನ ಮೇಲೆ ಹೆಬ್ಬೆರಳಿನ ಉಗುರು ಇಟ್ಟು ಒಂದು ಸುತ್ತು ಎಳೆದರು. ಉಗುರು ಅಲ್ಲಲ್ಲಿ ಟಕ್ ಟಕ್ ಅಂತ ಸಿಕ್ಕಿಕೊಂಡಿತು.

"ಇಲ್ಲಿ ನೋಡಿ ಯಜಮಾನ್ರೇ. ಇಲಿ ಕಡಿದಂಗಿದೆ. ಸ್ಕ್ರೂಡ್ರೈವರ್ ಹಾಕಿದಾರೆ. ಗಾಜು ಕೂರಿಸಿ ಆದ್ಮೇಲೆ ಪಟ್ಟಿ ತುರುಕಿದಾರೆ."

ಬಗ್ಗಿ ನೋಡಿದೆವು. ಹೌದು, ಇಂಚಿಗೊಂದರಂತೆ ರಬ್ಬರಿನ ತುಟಿ ಸೀಳಿತ್ತು. ಸೀಳಿದ ಕಡೆಯೆಲ್ಲ ಒಳಗಿನಿಂದ ಕಪ್ಪು ಸಿಲಿಕಾನ್ ಇಣುಕುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಕಾರುಗಳಲ್ಲಿ ಗಾಜನ್ನು ಅಂಟಿಸುತ್ತಿರಲಿಲ್ಲ. ಈಗಿನ ಕಾರಿನ ಮುಂದಿನ ಗಾಜನ್ನು ಯುರಿಥೇನ್ ಅಂಟಿನಲ್ಲಿ ಬಾಡಿಗೇ ಅಂಟಿಸುತ್ತಾರೆ. ಬೀಟಲ್, ಅಂಬಾಸಿಡರ್, ಪದ್ಮಿನಿ, ಇವುಗಳಲ್ಲಿ ಗಾಜನ್ನು ಹಿಡಿದು ನಿಲ್ಲಿಸುವುದು ರಬ್ಬರ್ ಬೀಡಿಂಗ್. ನಮ್ಮ ಬೀಟಲ್‌ನ ಬೀಡಿಂಗನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಮೂರು ಸಂದು ಕಾಣುತ್ತದೆ. ಒಂದರಲ್ಲಿ ಗಾಜು, ಇನ್ನೊಂದರಲ್ಲಿ ಬಾಡಿಯ ತಗಡಿನ ಅಂಚು, ಹೊರಮೈಯ ಮೂರನೆಯದರಲ್ಲಿ ಹೊಳೆಯುವ ಪಟ್ಟಿ.

ಹೊಳೆಯುವ ಪಟ್ಟಿಯಲ್ಲಿ ಎರಡು ಜಾತಿ. ಹಳೇ ಮಿನಿ, ಮಾರಿಸ್ ಮೈನರ್‌ನಂಥ ಕಾರಿನಲ್ಲಿ ಅದು ಬೀಗದ ಪಟ್ಟಿ. ಗಾಜು ಕೂತಾದ ಮೇಲೆ ಕೊನೆಯಲ್ಲಿ ಅದನ್ನು ಸಂದಿಗೆ ತೂರಿಸುತ್ತಾರೆ. ಅದು ಒಳಗೆ ಹೋದಾಗ ರಬ್ಬರು ಅಗಲವಾಗಿ ಗಾಜನ್ನು ಗಟ್ಟಿಯಾಗಿ ಕಚ್ಚುತ್ತದೆ. ಅದಕ್ಕೆ ಅಂತಲೇ ತುದಿಯಲ್ಲಿ ಬಳೆಯಂಥ ಕಣ್ಣಿರುವ ಒಂದು ಹತಾರ ಇದೆ. ಬೀಟಲ್‌ನದು ಬೇರೆ. ಇಲ್ಲಿ ಪಟ್ಟಿ ತೆಳು ಅಲ್ಯೂಮಿನಿಯಂ, ಎಡಬಲ ಎರಡು ತುಂಡು, ನಡುವೆ ಸೇರುವ ಕಡೆ ಪುಟ್ಟ ಕ್ಲಿಪ್ಪು. ಇದು ಗಾಜು ಕಾರಿಗೆ ಹೋಗುವ ಮೊದಲೇ, ಮೇಜಿನ ಮೇಲೆ ಇರುವಾಗಲೇ, ರಬ್ಬರಿನೊಳಗೆ ಕೂತಿರಬೇಕು. ಕಾರಿನಲ್ಲಿ ಕೂತ ಮೇಲೆ ರಬ್ಬರು ಬಿಗಿಯಾಗಿಬಿಡುತ್ತದೆ, ಸಂದು ಬಾಯಿ ಮುಚ್ಚಿಕೊಳ್ಳುತ್ತದೆ. ಆಗ ಪಟ್ಟಿ ಹಾಕಲು ಹೊರಟರೆ ಸ್ಕ್ರೂಡ್ರೈವರಿನಲ್ಲಿ ಮೀಟದೆ ಬೇರೆ ದಾರಿ ಇಲ್ಲ. ಮೀಟಿದರೆ ತುಟಿ ಸೀಳುತ್ತದೆ. ಸೀಳಿದರೆ ಸಿಲಿಕಾನ್. ಆ ಗ್ಯಾರೇಜಿನ ಹುಡುಗರು ಬಹುಶಃ ಕೊನೆಯಲ್ಲಿ ಪಟ್ಟಿ ಹಾಕುವ ಕಾರುಗಳಲ್ಲೇ ಕೈ ಪಳಗಿದವರು. ಸೋಮಾರಿಗಳು ಅಂತ ನಾನು ಹೇಳುವುದಿಲ್ಲ. ತುಂಬಾ ಕಷ್ಟಪಟ್ಟೇ ಹಾಳು ಮಾಡಿದ್ದಾರೆ.

ಸಿಲಿಕಾನ್ ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಟ್ಯೂಬಿನ ಮೂತಿ ಕತ್ತರಿಸಿದಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಸಿಡ್. ಗಟ್ಟಿಯಾಗುವಾಗ ಅದನ್ನು ಬಿಡುತ್ತಾ ಹೋಗುತ್ತದೆ. ಬರೀ ತಗಡಿನ ಮೇಲೆ ಬಿದ್ದರೆ ತುಕ್ಕಿಗೆ ಅದೇ ಆಹ್ವಾನ. ಮೇಲಿನ ಸೀಳಿನಲ್ಲಿ ಇಳಿದ ನೀರಿಗೆ ಕೆಳಗೆ ಹೊರಹೋಗುವ ದಾರಿಯನ್ನೂ ಅದೇ ಮುಚ್ಚಿತ್ತು. ಐದು ಮಳೆಗಾಲ ಆ ಮೂಲೆಯಲ್ಲಿ ನೀರು ನಿಂತಿದೆ.

ಗಾಜು ಉಳಿಸುವುದೋ, ರಬ್ಬರ್ ಉಳಿಸುವುದೋ

ಗಾಜಿನ ಮೂಲೆಯಲ್ಲಿ ಸೆಕ್ಯುರಿಟ್ ಅನ್ನುವ ಮುದ್ರೆ ಇತ್ತು. ಕಾರಿನ ಜೊತೆ ಬಂದ ಗಾಜೇ. ಎರಡು ಪದರದ ಲ್ಯಾಮಿನೇಟೆಡ್ ಅಲ್ಲ, ಕಾಯಿಸಿ ತಟ್ಟನೆ ತಣ್ಣಗೆ ಮಾಡಿದ ಟಫನ್ಡ್ ಗಾಜು. ಇದರ ಮುಖಕ್ಕೆ ಬಲ ಜಾಸ್ತಿ, ಅಂಚಿಗೆ ಕಮ್ಮಿ. ಅಂಗೈಯಿಂದ ಗುದ್ದಿದರೂ ತಡೆಯುತ್ತದೆ. ಅಂಚು ಸಿಮೆಂಟ್ ನೆಲದ ಒಂದು ಮರಳು ಕಾಳಿಗೆ ತಾಗಿದರೆ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಸುರಿದುಬಿಡುತ್ತದೆ.

"ಒಡೆದ್ರೆ ಒಡೀಲಿ ಬಿಡು, ಗ್ಲಾಸ್ ಅಂಗಡೀಲಿ ಲ್ಯಾಮಿನೇಟೆಡ್ ಕಟ್ ಮಾಡಿಸೋಣ," ಅಂದರು ಚಿಕ್ಕಪ್ಪ. 1964ಕ್ಕಿಂತ ಹಳೇ ಬೀಟಲ್ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಆಗಿನ ಗಾಜು ಚಪ್ಪಟೆ. 1964ರ ಆಗಸ್ಟಿನಿಂದ, ಅಂದರೆ 1965ರ ಮಾಡೆಲ್ಲಿನಿಂದ, ಫೋಕ್ಸ್‌ವ್ಯಾಗನ್‌ನವರು ಎಲ್ಲ ಕಿಟಕಿಗಳನ್ನೂ ದೊಡ್ಡದು ಮಾಡಿ, ಕಂಬಗಳನ್ನು ತೆಳ್ಳಗೆ ಮಾಡಿ, ಮುಂದಿನ ಗಾಜಿಗೆ ಒಂದು ಸಣ್ಣ ಬಾಗು ಕೊಟ್ಟರು. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಅಡ್ಡಲಾಗಿ ಒಂದು ದಾರ ಬಿಗಿದು ಹಿಡಿದರೆ ಗೊತ್ತಾಗುತ್ತದೆ. ಬಾಗಿದ ಚೌಕಟ್ಟಿಗೆ ಚಪ್ಪಟೆ ಗಾಜನ್ನು ಒತ್ತಿ ಕೂರಿಸಿದರೆ ಒಂದು ದಿನ ಬಿಸಿಲಲ್ಲಿ ನಿಂತಿದ್ದಾಗ ತಾನಾಗಿ ಬಿರುಕು ಬಿಟ್ಟೀತು. ಸರಿಯಾದ ಗಾಜು ಬೇಕೆಂದರೆ ಹೊರದೇಶದಿಂದ ತರಿಸಬೇಕು. ಹಾಗಾಗಿ ಗಾಜು ಉಳಿಯಬೇಕು, ರಬ್ಬರು ಹೋಗಬೇಕು. ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಎರಡನ್ನೂ ಉಳಿಸಲು ಹೋದವರು ಎರಡನ್ನೂ ಕಳೆದುಕೊಂಡಿದ್ದನ್ನು ನೋಡಿದ್ದೇನೆ.

ವೈಪರ್ ತೋಳು ತೆಗೆಯುವ ಮೊದಲು ಅವು ಎಲ್ಲಿ ಮಲಗುತ್ತವೆ ಅಂತ ಗಾಜಿನ ಮೇಲೆ ಟೇಪ್ ಹಾಕಿ, ಒಂದು ಫೋಟೋ ತೆಗೆದೆ. ಒಳಗಿನ ಕನ್ನಡಿ, ಸನ್ ವೈಸರ್ ಬಿಚ್ಚಿದೆವು. ಬಾನೆಟ್ ಮೇಲೆ ಕಂಬಳಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ.

ಪಟ್ಟಿ ತೆಗೆಯುವುದನ್ನು ಭಾಯ್ ಕೈಯಲ್ಲಿ ನೋಡಬೇಕು. ಅವರ ಡಬ್ಬಿಯಲ್ಲಿ ಪೇಂಟ್ ಬಳಿದ ಹಿಡಿಯ ಸ್ಕ್ರೂಡ್ರೈವರ್ ಒಂದೂ ಇರಲಿಲ್ಲ. ಬಿದಿರಿನ ಸೀಳುಗಳಿದ್ದವು, ನಾಲ್ಕೈದು, ತುದಿ ನಾಲಿಗೆಯ ಹಾಗೆ ಸವೆದು ನುಣುಪಾಗಿದ್ದವು. ಮೊದಲು ನಡುವಿನ ಕ್ಲಿಪ್ಪನ್ನು ಪಕ್ಕಕ್ಕೆ ಜಾರಿಸಿದರು. ಆಮೇಲೆ ಪಟ್ಟಿಯನ್ನು ರಬ್ಬರಿನಿಂದ ಎಳೆಯಲಿಲ್ಲ. ರಬ್ಬರನ್ನು ಪಟ್ಟಿಯಿಂದ ಬಿಡಿಸಿದರು. ಹೇಗೂ ಬಿಸಾಡುವ ರಬ್ಬರು ತಾನೆ. ಕಟರ್ ಬ್ಲೇಡನ್ನು ಸೋಪು ನೀರಿಗೆ ಅದ್ದಿ, ತುಟಿಯನ್ನು ಉದ್ದಕ್ಕೆ ಸೀಳಿಕೊಂಡು ಹೋದರು. ಬಿದಿರು ಹಿಂದಿನಿಂದ ಹೋಗಿ ಪಟ್ಟಿಯನ್ನು ಮೆಲ್ಲಗೆ ಮೇಲೆತ್ತುತ್ತಿತ್ತು. ಒಂದು ಕಡೆ ಎತ್ತಿ ಇನ್ನೊಂದು ಕಡೆ ಹಾಗೇ ಬಿಟ್ಟರೆ ಅಲ್ಯೂಮಿನಿಯಂ ಮಡಚುತ್ತದೆ. ಒಂದು ಸಲ ಮಡಚಿದ ಗುರುತು ಜನ್ಮಕ್ಕೂ ಹೋಗುವುದಿಲ್ಲ. ಎರಡು ತುಂಡು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು.

ಆಮೇಲೆ ಹೊರಗಿನ ತುಟಿಯನ್ನು ಸುತ್ತಲೂ ಕೊಯ್ದರು. ಬ್ಲೇಡು ಗಾಜಿನ ಮೇಲೆ ಮಲಗಿರಬೇಕು, ಬಾಡಿಯ ಕಡೆ ತಿರುಗಬಾರದು. ತಿರುಗಿದರೆ ಪೇಂಟಿಗೆ ಗೆರೆ, ಗೆರೆಗೆ ತುಕ್ಕು. ನಾನು ಒಳಗೆ ಕೂತು ಎರಡೂ ಅಂಗೈಯನ್ನು ಮೇಲಿನ ಮೂಲೆಗಳಿಗಿಟ್ಟು ಹಗುರವಾಗಿ ತಳ್ಳಿದೆ. ಹೊರಗೆ ಭಾಯ್, ಚಿಕ್ಕಪ್ಪ ಹಿಡಿದುಕೊಂಡರು. ಚಪ್ಪಾಳೆಯಂಥ ಒಂದು ಸದ್ದು ಮಾಡಿ ಗಾಜು ಹೊರಬಂತು. ಚಿಕ್ಕಮ್ಮ ಅಂಗಳದಲ್ಲಿ ಹಾಸಿದ್ದ ಕೌದಿಯ ಮೇಲೆ ಮಲಗಿಸಿದೆವು. ಐವತ್ತು ದಾಟಿದ ಗಾಜಿಗೆ ಅಜ್ಜಿ ಹೊಲಿದ ಕೌದಿ.

ಪುಟ್ಟಿಯ ಕೆಳಗೆ

ಬಲ ಕೆಳಮೂಲೆಯಲ್ಲಿ ಸಿಲಿಕಾನನ್ನು ಮರದ ತುಂಡಿನಲ್ಲಿ ಕೆರೆದು ತೆಗೆದಾಗ ಅದರ ಕೆಳಗೆ ಪುಟ್ಟಿ ಸಿಕ್ಕಿತು. ಪುಟ್ಟಿಯ ಕೆಳಗೆ ಹಳೇ ತುಕ್ಕು. ಅಂದರೆ ಐದು ವರ್ಷದ ಹಿಂದೆಯೇ ಅಲ್ಲಿ ತುಕ್ಕಿತ್ತು, ಅದರ ಮೇಲೇ ಮೆತ್ತಿದ್ದರು. ಸುಮಾರು ಗೇಣುದ್ದ ತಗಡಿನ ಅಂಚು ಒಣಗಿದ ಎಲೆಯ ಹಾಗೆ ಪುಡಿಯಾಯಿತು.

ಪುಟ್ಟಿ ಇಲ್ಲಿ ಇನ್ನೊಂದು ಕೆಡುಕನ್ನೂ ಮಾಡಿತ್ತು. ಬೀಡಿಂಗಿನ ಸಂದು ತೆಳು ತಗಡಿಗೆ ಅಂತ ಮಾಡಿದ್ದು. ಮೆತ್ತಿದ ಮೇಲೆ ಆ ಅಂಚು ಮೂರ್ನಾಲ್ಕು ಪಟ್ಟು ದಪ್ಪವಾಗಿತ್ತು. ಅಷ್ಟು ದಪ್ಪ ಅಂಚಿನ ಮೇಲೆ ಬೀಡಿಂಗ್ ಪೂರ್ತಿ ಇಳಿಯಲೇ ಇಲ್ಲ, ಮೇಲೇ ತೇಲುತ್ತಿತ್ತು. ವಿಸಿಟಿಂಗ್ ಕಾರ್ಡ್ ಯಾಕೆ ಅರ್ಧ ಒಳಗೆ ಹೋಯಿತು ಅಂತ ಆಗ ತಿಳಿಯಿತು.

ಕಾರನ್ನು ಟಿಂಕರ್ ಹತ್ತಿರ ಕಳಿಸುವ ಮೊದಲು ಒಂದು ಕೆಲಸ ಮರೆಯಬಾರದು. ಬೀಟಲ್‌ನ ಪೆಟ್ರೋಲ್ ಟ್ಯಾಂಕ್ ಇರುವುದು ಮುಂದೆ, ಬಾನೆಟ್ ಕೆಳಗೆ. ಗಾಜಿನ ಕೆಳ ಅಂಚಿಗೆ ವೆಲ್ಡಿಂಗ್ ಮಾಡುವವರ ಕಿಡಿ ಹಾರಿ ಬೀಳುವುದು ಸರಿಯಾಗಿ ಅದರ ಮೇಲೆ. ಪೆಟ್ರೋಲ್ ಖಾಲಿ ಮಾಡಿ ಟ್ಯಾಂಕನ್ನೇ ಬಿಚ್ಚಿ ಹಿತ್ತಲಿನಲ್ಲಿಟ್ಟೆವು. ಬ್ಯಾಟರಿ ವೈರ್ ಕಳಚಿದೆವು. ಖಾಲಿ ಟ್ಯಾಂಕ್ ಅಂತ ಹಾಗೇ ಬಿಡುವವರಿದ್ದಾರೆ. ಪೆಟ್ರೋಲಿಗಿಂತ ಖಾಲಿ ಟ್ಯಾಂಕಿನೊಳಗಿನ ಆವಿಯೇ ಹೆಚ್ಚು ಅಪಾಯ.

ಟಿಂಕರ್ 20 ಗೇಜ್ ತಗಡಿನಲ್ಲಿ ತುಂಡು ಮಾಡಿ, ಗ್ಯಾಸ್ ವೆಲ್ಡಿಂಗ್ ಬಿಟ್ಟು ಸಿಓಟು (CO2) ವೆಲ್ಡಿಂಗಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೂಡಿಸಿದರು. ಗ್ಯಾಸಿನ ಕಾವಿಗೆ ಸುತ್ತಲಿನ ತಗಡೂ ಸೊಟ್ಟಗಾಗುತ್ತದೆ. ಬೆಸುಗೆಯ ಗಂಟುಗಳನ್ನು ಗ್ರೈಂಡರಿನಲ್ಲಿ ಪೂರ್ತಿ ನುಣುಪು ಮಾಡಿಸಿದೆವು. ಒಂದು ಗಂಟು ಉಳಿದರೂ ಅದು ರಬ್ಬರಿನ ಮೂಲಕ ಗಾಜಿನ ಅಂಚನ್ನು ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಟಫನ್ಡ್ ಗಾಜಿಗೆ ಅದು ಯಮ. ಆಮೇಲೆ ಎಪಾಕ್ಸಿ ಪ್ರೈಮರ್, ತೆಳ್ಳಗೆ ಪೇಂಟ್. ಸಿಲಿಕಾನಿನ ಜಿಡ್ಡು ಉಳಿದಿದ್ದ ಒಂದು ಕಡೆ ಪೇಂಟು ಮೀನಿನ ಕಣ್ಣಿನ ಹಾಗೆ ಗುಂಡಗೆ ಒಡೆದುಕೊಂಡಿತು. ಅದನ್ನು ಉಜ್ಜಿ ಮತ್ತೆ ಹೊಡೆಯಬೇಕಾಯಿತು. ಸಿಲಿಕಾನ್ ಬಗ್ಗೆ ನನ್ನ ಸಿಟ್ಟು ಇನ್ನೂ ಸ್ವಲ್ಪ ಬೆಳೆಯಿತು.

ಈ ನಡುವೆ ಚಿಕ್ಕಪ್ಪ ಸುಮ್ನೆ ಕೂರಲಿಲ್ಲ. ಕ್ರೋಮ್ ಪಾಲಿಶ್ ಡಬ್ಬಿ, ಸ್ಟೀಲ್ ನಾರು ತಂದು ಪಟ್ಟಿ ಉಜ್ಜಲು ಕೂತಿದ್ದರು. ಓಡಿಹೋಗಿ ತಡೆದೆ. ಎಲ್ಲರೂ ಕ್ರೋಮ್ ಪಟ್ಟಿ ಅಂತಲೇ ಕರೆಯುತ್ತೇವೆ, ನಾನೂ ಇಲ್ಲಿ ಹಾಗೇ ಬರೆದಿದ್ದೇನೆ. ಆದರೆ ಅದು ಕ್ರೋಮ್ ಅಲ್ಲ. ಬಂಪರ್ ಕ್ರೋಮ್, ಅದು ಉಕ್ಕಿನ ಮೇಲೆ ಲೇಪ. ಪಟ್ಟಿ ಆನೋಡೈಸ್ ಮಾಡಿದ ಅಲ್ಯೂಮಿನಿಯಂ. ಅದರ ಹೊಳಪನ್ನು ಕಾಯುವುದು ಮೇಲಿನ ಕೂದಲೆಳೆಗಿಂತ ತೆಳುವಾದ ಆಕ್ಸೈಡ್ ಪದರ. ಸ್ಟೀಲ್ ನಾರು ಆ ಪದರವನ್ನೇ ತೆಗೆದುಬಿಡುತ್ತದೆ. ಎರಡು ದಿನ ಫಳಫಳ, ಆಮೇಲೆ ಹಳೇ ಅಲ್ಯೂಮಿನಿಯಂ ಪಾತ್ರೆಯ ಹಾಗೆ ಮಂಕು. ನಂಬದವರಿಗೆ ತೋರಿಸಲು, ಕರೆಂಟು ಹರಿದರೆ ಬೀಪ್ ಅನ್ನುವ ಮಲ್ಟಿಮೀಟರ್ ತಂದೆ. ಎರಡು ಕಡ್ಡಿಯನ್ನೂ ಪಟ್ಟಿಯ ಮೇಲ್ಮೈಗೆ ಮೆಲ್ಲಗೆ ಮುಟ್ಟಿಸಿದೆ. ಸದ್ದಿಲ್ಲ. ಆಕ್ಸೈಡ್ ಪದರ ಕರೆಂಟು ಬಿಡುವುದಿಲ್ಲ. ಚಿಕ್ಕಪ್ಪ ಉಜ್ಜಿದ್ದ ಎರಡು ಇಂಚಿಗೆ ಮುಟ್ಟಿಸಿದೆ. ಬೀಪ್.

"ಓ," ಅಂದರು ಚಿಕ್ಕಪ್ಪ. ಪಾಲಿಶ್ ಡಬ್ಬಿಯನ್ನು ಬಂಪರಿನ ಕಡೆ ತಗೊಂಡು ಹೋದರು. ಪಟ್ಟಿಗೆ ಮೈಸೋಪು, ಹತ್ತಿ ಬಟ್ಟೆ ಸಾಕಾಯಿತು.

ಕೂರಿಸಿದ್ದು, ಎರಡು ಸಲ

ಹೊಸ ಬೀಡಿಂಗಿನ ಮೊದಲ ಪಾರ್ಸೆಲ್ ಬಂದಾಗ ಪಟ್ಟಿಯ ಸಂದೇ ಇರಲಿಲ್ಲ. ಪಟ್ಟಿಯಿಲ್ಲದ ಸ್ಟ್ಯಾಂಡರ್ಡ್ ಮಾಡೆಲ್ಲಿನ ಬೀಡಿಂಗ್ ಅದು. ವಾಪಸ್ ಕಳಿಸಿ, ಡೀಲಕ್ಸ್ ಮಾಡೆಲ್ಲಿನದು, 1965ರ ಮೇಲಿನದು, ಮೂಲೆಗಳನ್ನು ಅಚ್ಚಿನಲ್ಲೇ ಬಾಗಿಸಿದ್ದು, ಅಂತ ಮೂರು ಸಲ ಹೇಳಿ ತರಿಸಿದೆವು. ನೇರ ರಬ್ಬರನ್ನು ಮೂಲೆಯಲ್ಲಿ ಬಗ್ಗಿಸಿ ಹಾಕುವ ಅಗ್ಗದ ಮಾಲೂ ಸಿಗುತ್ತದೆ. ಮೂಲೆಯಲ್ಲಿ ಅದು ಸುಕ್ಕುಗಟ್ಟುತ್ತದೆ, ನೀರಿಗೆ ಅಷ್ಟು ಸಾಕು.

ಭಾನುವಾರ ಬೆಳಿಗ್ಗೆ ಏಳಕ್ಕೇ ಶುರು ಮಾಡಿದೆವು. ಕೌದಿಯ ಮೇಲೆ ಗಾಜು, ಗಾಜಿನ ಸುತ್ತ ಬೀಡಿಂಗ್. ಆಮೇಲೆ ಪಟ್ಟಿ. ಮೊದಲು ಮೂಲೆಗಳು, ಆಮೇಲೆ ನೇರ ಭಾಗ. ಭಾಯ್ ಬಿದಿರಿನಿಂದ ತುಟಿ ಅಗಲಿಸುತ್ತಾ ಹೋದರು, ನಾನು ಹಿಂದೆಯೇ ಪಟ್ಟಿಯನ್ನು ಬೆರಳಿನಲ್ಲಿ ಒತ್ತುತ್ತಾ ಹೋದೆ. ಬಕೆಟ್ಟಿನಲ್ಲಿ ಮೈಸೋಪು ತುರಿದ ನೀರು. ಎಣ್ಣೆ, ಗ್ರೀಸ್ ಬೇಡ. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಕ್ಲಿಪ್ಪು ಜಾರಿಸಿದ ಮೇಲೆ ಗಾಜಿನ ನಡುವಿಗೊಂದು, ಕಾರಿನ ಚೌಕಟ್ಟಿನ ನಡುವಿಗೊಂದು ಟೇಪ್ ಗುರುತು.

ಇನ್ನು ದಾರ. ತಗಡಿನ ಅಂಚು ಹೋಗುವ ಸಂದಿನೊಳಗೆ ನುಣುಪಾದ ನೈಲಾನ್ ದಾರವನ್ನು ಸುತ್ತಲೂ ಕೂರಿಸಬೇಕು. ಎರಡು ತುದಿಯೂ ಕೆಳಗೆ ನಡುವಿನಲ್ಲಿ ಬಂದು, ಒಂದು ಗೇಣು ಒಂದರ ಮೇಲೊಂದು ಹಾದು, ಕಾರಿನೊಳಗೆ ನೇತಾಡಬೇಕು. ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಒರಗಿಸಿ, ಒಳಗಿನವನು ದಾರ ಎಳೆದರೆ, ದಾರ ಹೊರಬರುವಾಗ ರಬ್ಬರಿನ ಒಳತುಟಿಯನ್ನು ತಗಡಿನ ಅಂಚಿನ ಮೇಲಿಂದ ಈಚೆಗೆ ಎತ್ತಿ ಹಾಕುತ್ತದೆ. ಎಳೆಯಬೇಕಾದ್ದು ಗಾಜಿನ ನಡುವಿನ ಕಡೆಗೆ, ನಮ್ಮ ಎದೆಯ ಕಡೆಗಲ್ಲ. ಎದೆಯ ಕಡೆಗೆ ಎಳೆದರೆ ದಾರ ತುಟಿಯನ್ನೇ ಕೊಯ್ಯುತ್ತದೆ. ಕೆಳಗಿನ ಅಂಚು ಮೊದಲು, ಆಮೇಲೆ ಪಕ್ಕ, ಕೊನೆಗೆ ಮೇಲೆ. ಹೊರಗಿರುವವನು ದಾರ ಎಲ್ಲಿ ಬರುತ್ತಿದೆಯೋ ಅಲ್ಲಿ ಅಂಗೈಯಿಂದ ತಟ್ಟಬೇಕು.

ಒಳಗೆ ಭಾಯ್. ಹೊರಗೆ ತಟ್ಟುವುದು ನನ್ನ ಕೆಲಸ. ಕೆಳಗೆ ಸಲೀಸಾಗಿ ಬಂತು. ಎಡಗಡೆ ಬಂತು. ಬಲಗಡೆ ಮೇಲಿನ ಮೂಲೆಯಲ್ಲಿ ಬಿಗಿಯಾಯಿತು. ಬೆಳಗಿನ ಚಳಿಗೆ ರಬ್ಬರು ಇನ್ನೂ ಗಟ್ಟಿಯಾಗಿತ್ತು. ನಾನು ಅವಸರದಲ್ಲಿ ಗಾಜಿನ ಮೇಲೆ ತಟ್ಟುವ ಬದಲು ಅಂಚಿಗೆ, ಪಟ್ಟಿಯ ಮೇಲೇ, ಕೈ ಬುಡದಿಂದ ಒಂದು ಗುದ್ದಿದೆ. ಪಟ್ಟಿ ಪಟ್ ಅಂತ ಸಂದಿನಿಂದ ಎದ್ದು ನಿಂತಿತು. ಮೂಲೆಯ ತಿರುವಿನಲ್ಲಿ ಒಂದು ಮಡಿಕೆ.

ಯಾರೂ ಮಾತಾಡಲಿಲ್ಲ. ಭಾಯ್ ಒಳಗಿನಿಂದಲೇ ನೋಡಿ, "ತೆಗೀರಿ ಸಾರ್, ಪೂರ್ತಿ ತೆಗೀರಿ. ಮೇಲಿಂದ ತುರುಕಿದ್ರೆ ನಾವೂ ಅವರೇ ಆಗ್ತೀವಿ," ಅಂದರು.

ಗಾಜು ಮತ್ತೆ ಕೌದಿಗೆ ಬಂತು. ಪಟ್ಟಿಯ ಮಡಿಕೆಯನ್ನು ಮರದ ತುಂಡಿನ ಮೇಲೆ ಬೋರಲು ಹಾಕಿ, ಸ್ಟೀಲ್ ಚಮಚದ ಹಿಡಿಯಿಂದ ಒಳಮೈಯನ್ನು ಉಜ್ಜಿ ಉಜ್ಜಿ ಮಟ್ಟ ಮಾಡಿದೆ. ಪೂರ್ತಿ ಹೋಗಲಿಲ್ಲ. ಬೀಡಿಂಗ್ ಸಮೇತ ಗಾಜನ್ನು ಬಿಸಿಲಿಗೆ ಬಿಟ್ಟು ತಿಂಡಿಗೆ ಕೂತೆವು. ಹನ್ನೊಂದೂವರೆ ಹೊತ್ತಿಗೆ ರಬ್ಬರು ಮುಟ್ಟಿದರೆ ಚಕ್ಕುಲಿ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಎರಡನೇ ಸಲ ದಾರ ಪೂರ್ತಿ ಸುತ್ತು ಬರಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಒಳಗೆ ರೂಫ್ ಲೈನಿಂಗಿನ ಅಂಚೂ ತುಟಿಯ ಕೆಳಗೆ ಸೇರಿತ್ತು.

"ಸೀಲೆಂಟ್ ಹಾಕಲ್ವಾ?" ಅಂತ ಚಿಕ್ಕಪ್ಪ. "ಒಂದು ದಿನ ರಬ್ಬರು ಸುಧಾರಿಸಿಕೊಳ್ಳಲಿ ಯಜಮಾನ್ರೇ, ಆಮೇಲೆ ನೀರು ಬಿಟ್ಟು ನೋಡಿ," ಅಂದು ಭಾಯ್ ಬಿದಿರು ಸೀಳುಗಳನ್ನು ಒರೆಸಿ ಡಬ್ಬಿಗೆ ಹಾಕಿಕೊಂಡರು.

ಮತ್ತೆ ಹನಿ

ಸೋಮವಾರ ಸಂಜೆ ಅದೇ ಪೇಪರ್ ಚೂರು, ಅದೇ 12 ನಂಬರು, ಅದೇ ಪೈಪು. ಕೆಳಗೆ ಐದು ನಿಮಿಷ, ಪಕ್ಕಕ್ಕೆ ಐದು, ಮೇಲೆ ಐದು. ಹನ್ನೆರಡೂ ಒಣಗಿಯೇ ಇದ್ದವು. ಸಂತೋಷದಲ್ಲಿ ಡ್ರೈವರ್ ಸೀಟಿಗೆ ಒರಗಿದೆ. ಬಲ ಮೊಣಕಾಲಿನ ಮೇಲೆ ತಣ್ಣಗೆ ಒಂದು ಹನಿ ಬಿತ್ತು.

ಚಿಕ್ಕಪ್ಪನ ಮುಖ ನೋಡುವ ಧೈರ್ಯ ಬರಲಿಲ್ಲ.

ಬೀಟಲ್‌ನಲ್ಲಿ ಡ್ಯಾಶ್‌ಬೋರ್ಡಿನ ಬೆನ್ನು ನೋಡಬೇಕಾದರೆ ಕೆಳಗೆ ತೂರಬೇಕಿಲ್ಲ. ಬಾನೆಟ್ ಎತ್ತಿ, ಹಿಂಭಾಗದ ಗಟ್ಟಿ ರಟ್ಟನ್ನು ತೆಗೆದರೆ ಸ್ಪೀಡೋಮೀಟರಿನ ಹಿಂಬದಿ, ವೈಪರ್ ಮೋಟರ್, ವೈರುಗಳು ಎಲ್ಲ ಕಣ್ಣೆದುರಿಗೇ. ಮೊದಲ ದಿನವೇ ತೆಗೆದು ನೋಡಬೇಕಿತ್ತು. ತುಕ್ಕು ಕಂಡಿತು, ಕಾರ್ಡ್ ಒಳಗೆ ಹೋಯಿತು, ಕಳ್ಳ ಸಿಕ್ಕಿದ ಅಂತ ನಿಲ್ಲಿಸಿಬಿಟ್ಟಿದ್ದೆ. ಎರಡನೇ ಕಳ್ಳ ಪಕ್ಕದಲ್ಲೇ ಇದ್ದ.

ರಟ್ಟು ತೆಗೆದು ಟಾರ್ಚ್ ಬಿಟ್ಟೆ. ಚಿಕ್ಕಪ್ಪ ಗಾಜಿನ ಬುಡಕ್ಕೆ ಚೊಂಬಿನಿಂದ ನೀರು ಸುರಿದರು. ಬಲಗಡೆ ವೈಪರ್ ದಂಡ ಬಾಡಿಯನ್ನು ತೂರಿ ಒಳಗೆ ಬರುವ ಕಡೆ ನೀರು ಗುಂಡಗೆ ಕೂಡಿಕೊಂಡಿತು, ದಂಡದ ಗುಂಟ ಇಳಿಯಿತು, ವೈರಿನ ಕಟ್ಟಿಗೆ ಹತ್ತಿತು, ಕಟ್ಟು ಬಾಗುವ ಕಡೆ ನಿಂತು ಕೆಳಗೆ ಬಿತ್ತು. ಅದರ ಕೆಳಗೆ ನೇರವಾಗಿ ಡ್ರೈವರ್ ಮೊಣಕಾಲು. ವೈಪರ್ ದಂಡದ ರಬ್ಬರ್ ಸೀಲ್ ಬಿಸ್ಕತ್ತಿನ ಹಾಗೆ ಗಟ್ಟಿಯಾಗಿ ಎರಡು ಹೋಳಾಗಿತ್ತು.

ಹೆಬ್ಬೆರಳ ಗಾತ್ರದ ರಬ್ಬರು. ಇಪ್ಪತ್ತು ನಿಮಿಷದ ಕೆಲಸ.

"ಹಾಗಾದ್ರೆ ಗಾಜು ಬಿಚ್ಚಿದ್ದು ದಂಡಾನಾ?" ಅಂತ ಚಿಕ್ಕಪ್ಪ ಕೇಳಿದರು. ಅಲ್ಲ. ಪೇಪರ್ 11, 12 ಸುಳ್ಳು ಹೇಳಲಿಲ್ಲ. ಕಾರ್ಪೆಟ್ಟನ್ನು ಕೊಳೆಸಿದ್ದು, ತಗಡನ್ನು ತಿಂದದ್ದು ಆ ಮೂಲೆಯ ನೀರೇ. ಇನ್ನೆರಡು ಮಳೆಗಾಲ ಬಿಟ್ಟಿದ್ದರೆ ತುಕ್ಕು ಕಂಬದ ಬುಡಕ್ಕೆ ಹೋಗುತ್ತಿತ್ತು. ಆದರೆ ಅವರು ಫೋನ್ ಮಾಡಿದ್ದು ಮೊಣಕಾಲಿನ ಹನಿಗೆ. ಅದನ್ನು ತಂದದ್ದು ಈ ಪುಟ್ಟ ಸೀಲು. ಎರಡು ರೋಗ, ಒಂದೇ ಲಕ್ಷಣ.

ಎರಡೂ ಸೀಲು ಹೊಸದು ಹಾಕಿ, ಫೋಟೋ ನೋಡಿಕೊಂಡು ವೈಪರ್ ತೋಳು ಕೂರಿಸಿ, ಮತ್ತೆ ಪೈಪ್ ಹಿಡಿದೆವು. ಈ ಸಲ ಇಪ್ಪತ್ತು ನಿಮಿಷ. ಒಳಗೆ ಚಿಕ್ಕಮ್ಮನನ್ನೇ ಕೂರಿಸಿದ್ದೆವು, ಇಸ್ತ್ರಿ ಮಾಡಿದ ಸೀರೆಯಲ್ಲಿ. ಅವರು ಕೆಳಗಿಳಿದು ಸೆರಗು ಕೊಡವಿ, "ಹೂಂ, ಪರವಾಗಿಲ್ಲ," ಅಂದರು.

ಬಲಗಡೆ ಮೇಲಿನ ಮೂಲೆಯ ಮಡಿಕೆ ಹಾಗೇ ಇದೆ. ಬೆಳಿಗ್ಗೆ ಕಾಣುವುದಿಲ್ಲ. ಸಂಜೆ ಐದರ ಓರೆ ಬಿಸಿಲಿಗೆ ಮಾತ್ರ ಪಟ್ಟಿಯ ಹೊಳಪು ಅಲ್ಲಿ ಒಂದು ಕ್ಷಣ ಮುರಿಯುತ್ತದೆ. ಮನೆಗೆ ಬಂದವರನ್ನೆಲ್ಲ ಚಿಕ್ಕಪ್ಪ ಆ ಹೊತ್ತಿಗೇ ಶೆಡ್ಡಿಗೆ ಕರೆದುಕೊಂಡು ಹೋಗುತ್ತಾರೆ. "ಬನ್ನಿ ಬನ್ನಿ, ಇಲ್ಲಿ ನಿಂತು ನೋಡಿ. ಇದು ನಮ್ಮ ಹುಡುಗನ ಸಹಿ."